ಸೋತು ಗೆಲ್ಲುವುದು ಧರ್ಮವೆ?

ಆಟಿಯ ಮಳೆ ಹಿಡಿದರೆ ನಮ್ಮ ಶಾಲೆಯ ಅಂಗಳ ಕೆರೆಯಾಗುತ್ತದೆ. ಆಟದ ಪೀರಿಯಡ್ ಬಂದರೂ ಮಕ್ಕಳು ಹೊರಗೆ ಹೋಗುವಂತಿಲ್ಲ. ಬೆಂಚಿನ ಕೆಳಗೆ ಕಾಲುಗಳು ಚಡಪಡಿಸುತ್ತಿರುತ್ತವೆ. ಅಂಥ ದಿನಗಳಲ್ಲಿ, ಆಡಲಾಗದ ಆಟವನ್ನು ಕಥೆಯಾಗಿ ಹೇಳುವುದು ನಾನು ರೂಢಿಸಿಕೊಂಡ ಪದ್ಧತಿ. ಈ ಮಳೆಗಾಲದಲ್ಲಿ ಏಳನೆಯ ತರಗತಿಗೆ ಯುರೋಪಿನ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ಕಥೆಯನ್ನು ಹೇಳಿದೆ. ಆಟಗಾರನೊಬ್ಬನು ಬೇಕೆಂದೇ ತನ್ನ ತಂಡದ ಬುಟ್ಟಿಗೆ ತಾನೇ ಚೆಂಡು ಹಾಕಿ, ಆ ದಿನದ ಪಂದ್ಯವನ್ನು ಸೋತು, ಅದರಿಂದಲೇ ತನ್ನ ತಂಡವನ್ನು ಮುಂದಿನ ಸುತ್ತಿಗೆ ದಾಟಿಸಿದ ಕಥೆ ಅದು.

ಕಥೆ ಮುಗಿಯುವಷ್ಟರಲ್ಲಿ ತರಗತಿ ಎರಡು ಪಕ್ಷವಾಯಿತು. “ಮಾಷ್ಟ್ರೆ, ಅವ ಆಡಿದ್ದು ಕಳ್ಳಾಟ ಅಲ್ವಾ?” ಎಂದು ಒಬ್ಬ ಹುಡುಗ ಎದ್ದು ನಿಂತ. “ಕಳ್ಳಾಟವಾದರೆ ಯಾವ ನಿಯಮ ಮುರಿದ? ಹೇಳು ನೋಡುವ!” ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಸವಾಲು ಹಾಕಿದಳು. ಇಬ್ಬರೂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಉತ್ತರ ಹೇಳದೆ ನಾನು ಪಾರಾದೆ. ಆದರೆ ಆ ಪ್ರಶ್ನೆ ಕೊಡೆಯ ಕೆಳಗೆ ನನ್ನೊಡನೆಯೇ ಮನೆಗೆ ಬಂತು. ಅದನ್ನು ವಾಚಕರ ಮುಂದಿಟ್ಟು, ನನಗೆ ತೋಚಿದ ಮಟ್ಟಿಗೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ಹುಟ್ಟನ್ನು ಸ್ವಲ್ಪ ನೋಡೋಣ. ಅದರಲ್ಲಿ ನಮ್ಮಂಥ ಉಪಾಧ್ಯಾಯರಿಗೆ ಪ್ರಿಯವಾದ ಸಂಗತಿಯೊಂದಿದೆ. ಬಾಸ್ಕೆಟ್‌ಬಾಲನ್ನು ನಿರ್ಮಿಸಿದವರು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು. ಆಗ ಅವರ ವಯಸ್ಸು ಮೂವತ್ತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯೊಂದರಲ್ಲಿ 1891ರ ಚಳಿಗಾಲದಲ್ಲಿ ಅವರಿಗೆ ಹದಿನೆಂಟು ಮಂದಿ ತುಂಟ ವಿದ್ಯಾರ್ಥಿಗಳ ತರಗತಿ ಒಪ್ಪಿಸಲ್ಪಟ್ಟಿತ್ತು. ನಮಗೆ ಮಳೆ ಹೇಗೋ ಅವರಿಗೆ ಹಿಮ ಹಾಗೆ: ಹೊರಗೆ ಆಡುವಂತಿರಲಿಲ್ಲ. ಒಳಾಂಗಣದ ಕಸರತ್ತು ಹುಡುಗರಿಗೆ ಬೇಸರ ಹುಟ್ಟಿಸಿತ್ತು. ನೈಸ್ಮಿತ್ ಅವರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೊಗಸಾಲೆಯ ಕಟಾಂಜನಕ್ಕೆ ಹತ್ತು ಅಡಿ ಎತ್ತರದಲ್ಲಿ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, ಕಾಲ್ಚೆಂಡೊಂದನ್ನು ಹುಡುಗರ ಕೈಗೆ ಕೊಟ್ಟರು. ಇಂದಿಗೂ ಬುಟ್ಟಿಯ ಎತ್ತರ ಹತ್ತು ಅಡಿಯೇ.

ಆ ಹದಿಮೂರು ನಿಯಮಗಳಲ್ಲಿ ನಮ್ಮ ವಿಚಾರಕ್ಕೆ ಬೇಕಾದವು ಎರಡು ಮಾತು. ಹೆಚ್ಚು ಸಲ ಚೆಂಡು ಹಾಕಿದ ಪಕ್ಷವೇ ಗೆದ್ದ ಪಕ್ಷವೆಂದೂ, ಇಬ್ಬರೂ ಸಮನಾದರೆ ಎರಡು ಪಕ್ಷದ ನಾಯಕರು ಒಪ್ಪಿದಲ್ಲಿ ಮಾತ್ರ ಇನ್ನೊಂದು ಬುಟ್ಟಿಯಾಗುವವರೆಗೆ ಆಟ ಮುಂದುವರಿಸಬಹುದೆಂದೂ ಕೊನೆಯ ನಿಯಮ ಹೇಳುತ್ತದೆ. ಎಂದರೆ, ಸಮವಾಗಿಯೇ ಬಿಟ್ಟುಬಿಡುವುದಕ್ಕೂ ಆಗ ಅವಕಾಶವಿತ್ತು. ಇದು ಮೊದಲನೆಯ ಮಾತು. ಎರಡನೆಯದು ಅಲ್ಲಿ ಬರೆಯದೆ ಉಳಿದ ಮಾತು. ತನ್ನ ಬುಟ್ಟಿಗೆ ತಾನೇ ಚೆಂಡು ಹಾಕಬಾರದೆಂದು ಹದಿಮೂರರಲ್ಲಿ ಒಂದು ನಿಯಮವೂ ಹೇಳುವುದಿಲ್ಲ. ಹಾಗೆ ಯಾರಾದರೂ ಮಾಡಿಯಾರೆಂಬ ಕಲ್ಪನೆ ಆ ಗುರುಗಳಿಗೆ ಬಂದಿರಲಾರದು.

ಇನ್ನು ಸ್ಪರ್ಧೆಯ ವಿಷಯ. ಯುರೋಪಿನ ಪ್ರತಿಯೊಂದು ದೇಶದಲ್ಲಿ ಚಾಂಪಿಯನ್ ಆದ ಕ್ಲಬ್ಬು ಇತರ ದೇಶಗಳ ಚಾಂಪಿಯನ್ ಕ್ಲಬ್ಬುಗಳೊಡನೆ ಆಡುವ ‘ಯುರೋಪಿಯನ್ ಚಾಂಪಿಯನ್ಸ್ ಕಪ್’ ಎಂಬ ಪುರುಷರ ಸ್ಪರ್ಧೆ 1958ರಲ್ಲಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಘದ ಆಶ್ರಯದಲ್ಲಿ ಆರಂಭವಾಯಿತು. ಇಂದು ಯೂರೋಲೀಗ್ ಎಂದು ಪ್ರಸಿದ್ಧವಾಗಿರುವ ಸ್ಪರ್ಧೆಯ ಮೂಲ ಇದೇ. 1958, 1959 ಮತ್ತು 1960ರಲ್ಲಿ ಲಾಟ್ವಿಯದ ರೀಗಾ ನಗರದ ಸೇನಾ ಕ್ಲಬ್ಬು ಸತತವಾಗಿ ಗೆದ್ದಿತು. ಆ ಕಾಲದ ಸುತ್ತುಗಳಲ್ಲಿ ಎರಡು ತಂಡಗಳು ಎರಡು ಸಲ ಎದುರಾಗುತ್ತಿದ್ದವು: ಒಮ್ಮೆ ಅವರ ಊರಿನಲ್ಲಿ, ಒಮ್ಮೆ ಇವರ ಊರಿನಲ್ಲಿ. ಎರಡೂ ದಿನಗಳ ಅಂಕಗಳನ್ನು ಕೂಡಿಸಿ, ಮೊತ್ತದಲ್ಲಿ ಯಾರು ಹೆಚ್ಚೋ ಅವರು ಮುಂದಿನ ಸುತ್ತಿಗೆ. ವಾಚಕರು ಈ ಕೂಡುವ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಬೇಕು; ಕಥೆಯ ಕೀಲು ಅಲ್ಲಿದೆ.

1962ರ ಜನವರಿಯಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡ ಇಟಲಿಯ ವರೇಸೆ ನಗರಕ್ಕೆ ಮೊದಲ ಪಂದ್ಯವನ್ನಾಡಲು ಹೋಯಿತು. ಎದುರಾಳಿ ಇಗ್ನಿಸ್ ವರೇಸೆ. ಶೀತಕಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರ ಹೆಸರು ಹೊತ್ತ ಬಲಿಷ್ಠ ತಂಡ. ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಅಂಕ 80–80. ಸಮನಾಗಿಯೇ ಮುಗಿದರೆ ನಿಯಮದ ಪ್ರಕಾರ ಐದು ನಿಮಿಷ ಹೆಚ್ಚುವರಿ ಆಟ ನಡೆಯಬೇಕು. ಮ್ಯಾಡ್ರಿಡ್ ತಂಡದ ಸ್ಥಿತಿಯಾದರೋ ಚೆನ್ನಾಗಿರಲಿಲ್ಲ. ಐದು ತಪ್ಪುಗಳಾದ ಆಟಗಾರ ಕಣದಿಂದ ಹೊರಗೆ ಹೋಗಬೇಕಷ್ಟೆ; ಹಾಗೆ ಅವರ ಮುಖ್ಯ ಆಟಗಾರರು ಕೆಲವರು ಹೊರಬಿದ್ದಿದ್ದರು. ಪರಊರು, ಎದುರಾಳಿಯ ಪ್ರೇಕ್ಷಕರು, ದಣಿದ ಕಾಲುಗಳು. ಇನ್ನೈದು ನಿಮಿಷ ಆಡಿದರೆ ಹತ್ತು ಅಂಕಗಳಷ್ಟು ಹಿಂದೆ ಬೀಳುವ ಭಯ.

ತಂಡದ ತರಬೇತುಗಾರ ಪೆದ್ರೊ ಫೆರಾಂದಿಸ್ ಆಟವನ್ನು ನಿಲ್ಲಿಸಿ, ಲೊರೆನ್ಸೊ ಅಲೊಸೆನ್ ಎಂಬ ಆಟಗಾರನಿಗೆ ಒಂದು ಅಪ್ಪಣೆ ಕೊಟ್ಟರು. ಆಟ ಮತ್ತೆ ಆರಂಭವಾಯಿತು. ಅಲೊಸೆನ್ ಚೆಂಡನ್ನು ಹಿಡಿದು, ತನ್ನದೇ ಬುಟ್ಟಿಯ ಕಡೆಗೆ ತಿರುಗಿ, ಅದರೊಳಗೆ ಹಾಕಿದನು. ವರೇಸೆ 82, ಮ್ಯಾಡ್ರಿಡ್ 80. ಪಂದ್ಯ ಮುಗಿಯಿತು, ಹೆಚ್ಚುವರಿ ಆಟಕ್ಕೆ ಅವಕಾಶವೇ ಉಳಿಯಲಿಲ್ಲ. ಕೆಲವು ದಿನಗಳ ಬಳಿಕ ಮ್ಯಾಡ್ರಿಡ್‌ನಲ್ಲಿ ನಡೆದ ಎರಡನೆಯ ಪಂದ್ಯವನ್ನು ರಿಯಲ್ ಮ್ಯಾಡ್ರಿಡ್ 83–62ರಿಂದ ಗೆದ್ದಿತು. ಕೂಡಿಸಿದರೆ 163ಕ್ಕೆ 144. ಮ್ಯಾಡ್ರಿಡ್ ಮುಂದಿನ ಸುತ್ತಿಗೆ ಹೋಯಿತು.

ಇದು ಕಳ್ಳಾಟವೆ, ಜಾಣತನವೆ, ಧರ್ಮವೆ, ಅಧರ್ಮವೆ? ನಮ್ಮ ಹಿರಿಯರ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಕೇಳೋಣ.

ಪೂರ್ವಪಕ್ಷದವರು ಹೀಗೆನ್ನಬಹುದು. ಆಟವೆಂಬುದು ಬರೆದ ನಿಯಮಗಳ ಮೇಲೆ ಮಾತ್ರ ನಿಂತುದಲ್ಲ; ಬರೆಯದ ಒಂದು ಒಡಂಬಡಿಕೆ ಅದರ ತಳಪಾಯ. ನಾನು ಗೆಲ್ಲಲು ಯತ್ನಿಸುತ್ತೇನೆ, ನೀನೂ ಯತ್ನಿಸು ಎಂದು ಎರಡು ಪಕ್ಷಗಳೂ ಬಾಯಿಬಿಡದೆ ಕೊಟ್ಟುಕೊಂಡ ಮಾತು ಅದು. ಬಾಗಿಲು ಕಾಯುವವನು ಬಾಗಿಲನ್ನೇ ಕಿತ್ತು ಮಾರಬಾರದೆಂದು ಯಾವ ಯಜಮಾನನೂ ಬರೆದಿಡುವುದಿಲ್ಲ. ಬರೆದಿಲ್ಲವೆಂದು ಕಾವಲುಗಾರನಿಗೆ ಆ ಅಧಿಕಾರ ಬರುವುದೂ ಇಲ್ಲ. ತನ್ನ ಬುಟ್ಟಿಯನ್ನು ಕಾಯಬೇಕಾದ ಅಲೊಸೆನ್ ತಾನೇ ಅದಕ್ಕೆ ಚೆಂಡು ಹಾಕಿದುದು ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹಣ ಕೊಟ್ಟು ಬಂದ ಪ್ರೇಕ್ಷಕರು ಪೌರುಷವನ್ನು ನೋಡಬಂದವರು, ಲೆಕ್ಕಾಚಾರವನ್ನಲ್ಲ. ವರೇಸೆಯ ಆಟಗಾರರಿಗೂ ಅನ್ಯಾಯವಾಯಿತು: ಹೋರಾಡಿ ಪಡೆಯಬಹುದಾಗಿದ್ದ ಐದು ನಿಮಿಷಗಳನ್ನು ಕಿತ್ತುಕೊಂಡು, ಎರಡು ಅಂಕಗಳನ್ನು ಭಿಕ್ಷೆಯಂತೆ ಅವರ ಜೋಳಿಗೆಗೆ ಹಾಕಿದಂತಾಯಿತು. ಸೋಲಿಗೆ ತಲೆಬಾಗುವುದು ಬೇರೆ, ಸೋಲನ್ನು ಕೈಯಾರೆ ಕಟ್ಟಿಕೊಳ್ಳುವುದು ಬೇರೆ.

ಈ ವಾದ ಹಗುರವಾದುದಲ್ಲ. ಮೊದಲ ಹುಡುಗ “ಕಳ್ಳಾಟ” ಎಂದಾಗ ಅವನ ಮನಸ್ಸಿನಲ್ಲಿ ಇದ್ದುದು ಇದೇ. ಆಟದ ಮೈದಾನದಲ್ಲಿ ಬೆಳೆದ ಪ್ರತಿಯೊಬ್ಬ ಹುಡುಗನಿಗೂ ಈ ಅರಿವು ಯಾರೂ ಕಲಿಸದೆ ಬರುತ್ತದೆ. ಲಗೋರಿಯಲ್ಲಿ ತನ್ನ ಪಕ್ಷದ ಕಲ್ಲುಗಳನ್ನು ತಾನೇ ಬೇಕೆಂದು ಉರುಳಿಸುವವನನ್ನು ಮರುದಿನ ಯಾರೂ ಆಟಕ್ಕೆ ಕರೆಯುವುದಿಲ್ಲ.

ಈಗ ಉತ್ತರಪಕ್ಷ. ಇವರ ಮೊದಲ ಮಾತು ಲೆಕ್ಕದ್ದು. ಸ್ಪರ್ಧೆ ಒಂದು ಸಂಜೆಯದಲ್ಲ, ಎರಡು ಸಂಜೆಗಳದು. ನಲವತ್ತು ನಿಮಿಷದ್ದಲ್ಲ, ಎಂಬತ್ತು ನಿಮಿಷದ್ದು. ಎಂಬತ್ತು ನಿಮಿಷಗಳ ಆಟದಲ್ಲಿ ಅರ್ಧ ದಾರಿಯಲ್ಲಿ ಎರಡು ಅಂಕ ಹಿಂದೆ ಇರುವುದನ್ನು ಸೋಲೆನ್ನಲಾಗದು. ಚದುರಂಗದಲ್ಲಿ ರಾಜನನ್ನು ಉಳಿಸಲು ಪದಾತಿಯನ್ನು ಕೊಡುತ್ತೇವೆ. ಬೇಸಾಯಗಾರ ಉಣ್ಣಬಹುದಾದ ಭತ್ತವನ್ನು ಮಣ್ಣಿಗೆ ಹಾಕುತ್ತಾನೆ. ಯಾರೂ ಅವರನ್ನು ನಿಂದಿಸುವುದಿಲ್ಲ. ಅಲೊಸೆನ್ ಗೆಲ್ಲುವ ಯತ್ನವನ್ನು ಬಿಡಲಿಲ್ಲ. ಗೆಲ್ಲಲೆಂದೇ ಹಾಗೆ ಮಾಡಿದನು.

ಎರಡನೆಯ ಮಾತು ಇನ್ನೂ ಆಳವಾದುದು. ಹೆಚ್ಚುವರಿ ಆಟದ ನಿಯಮ ಏಕೆ ಹುಟ್ಟಿತು? ಒಂದೇ ದಿನದ ಪಂದ್ಯದಲ್ಲಿ ಅಂದೇ ತೀರ್ಮಾನವಾಗಬೇಕು ಎಂಬುದಕ್ಕಾಗಿ. ಎರಡು ದಿನಗಳ ಅಂಕಗಳನ್ನು ಕೂಡಿಸುವ ಸ್ಪರ್ಧೆಯಲ್ಲಿ ಮೊದಲ ದಿನ ತೀರ್ಮಾನದ ಅಗತ್ಯವೇ ಇಲ್ಲ. 80–80 ಎಂದು ಬರೆದುಕೊಂಡು ಎರಡನೆಯ ದಿನಕ್ಕೆ ಕಾಯಬಹುದಾಗಿತ್ತು. ನೈಸ್ಮಿತ್ ಅವರ ಮೂಲ ನಿಯಮವೂ ಸಮವಾಗುವುದನ್ನು ದೋಷವೆಂದು ಎಣಿಸಿರಲಿಲ್ಲ. ಉದ್ದೇಶವಿಲ್ಲದ ಕಡೆಗೆ ನಿಯಮವನ್ನು ಯಾಂತ್ರಿಕವಾಗಿ ಎಳೆದು ತಂದವರು ಸ್ಪರ್ಧೆಯನ್ನು ಏರ್ಪಡಿಸಿದವರೇ. ಹಾಗಿರುವಾಗ ಅಂದಿನ ಚೆಂಡು ಆಟದ ಮುಖಕ್ಕೆ ಬಿದ್ದುದಲ್ಲ, ಕುರುಡು ನಿಯಮದ ಮುಖಕ್ಕೆ ಬಿದ್ದುದು.

ಮೂರನೆಯ ಮಾತು: ಎಲ್ಲವೂ ಬೆಳಕಿನಲ್ಲಿ ನಡೆಯಿತು. ತೀರ್ಪುಗಾರನನ್ನು ಮೋಸಗೊಳಿಸಲಿಲ್ಲ, ಯಾರ ಮೈಗೂ ನೋವಾಗಲಿಲ್ಲ. ತೆತ್ತ ಬೆಲೆ ತಮ್ಮ ಗಂಟಿನದು. ವರೇಸೆ ಕಳೆದುಕೊಂಡುದು ಐದು ನಿಮಿಷ; ಪಡೆದುದು ಎರಡು ಅಂಕಗಳ ಮುನ್ನಡೆ ಮತ್ತು ಮ್ಯಾಡ್ರಿಡ್‌ನಲ್ಲಿ ನಲವತ್ತು ನಿಮಿಷಗಳ ಪೂರ್ಣ ಅವಕಾಶ. ಆ ನಲವತ್ತು ನಿಮಿಷಗಳಲ್ಲಿ ಮ್ಯಾಡ್ರಿಡ್ ಇಪ್ಪತ್ತೊಂದು ಅಂಕಗಳಿಂದ ಗೆದ್ದುದು ನೇರವಾದ ಆಟದಿಂದಲೇ.

ಎರಡು ಪಕ್ಷಗಳನ್ನೂ ಕೇಳಿದ ಮೇಲೆ ತೂಗಿ ನೋಡುವ ಕೆಲಸ ಉಳಿಯುತ್ತದೆ. ನನಗೆ ತೋರುವಂತೆ, ನಿಯಮ ಮತ್ತು ಮನುಷ್ಯನ ನಡುವೆ ನಡೆಯುವ ಇಂಥ ಸಂಗತಿಗಳಲ್ಲಿ ಮೂರು ಬಗೆಗಳಿವೆ. ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲವಾಗುತ್ತದೆ.

ನಿಯಮವನ್ನು ಮುರಿಯುವುದು ಮೊದಲನೆಯ ಬಗೆ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವಿತ್ತು. ಭೀಮ ತೊಡೆಗೆ ಹೊಡೆದ. ಕಾರಣವೇನೇ ಇರಲಿ, ಮುರಿದುದು ಮುರಿದುದೇ. ಬಲರಾಮ ಕೋಪಿಸಿಕೊಂಡುದರಲ್ಲಿ ಅರ್ಥವಿದೆ.

ಅಕ್ಷರವನ್ನು ಉಳಿಸಿಕೊಂಡು ಅದರ ಮರೆಯಲ್ಲಿ ವಂಚಿಸುವುದು ಎರಡನೆಯದು. ಅಶ್ವತ್ಥಾಮ ಸತ್ತನೆಂದು ಎತ್ತರದ ದನಿಯಲ್ಲಿ ಹೇಳಿ, ಆನೆಯೆಂಬ ಮಾತನ್ನು ಮೆಲ್ಲನೆ ಉಸುರಿದ ಧರ್ಮರಾಜ ವ್ಯಾಕರಣದ ದೃಷ್ಟಿಯಿಂದ ಸುಳ್ಳು ಹೇಳಲಿಲ್ಲ. ಆದರೆ ದ್ರೋಣರು ತಪ್ಪಾಗಿ ತಿಳಿಯಲಿ ಎಂಬುದೇ ಆ ಮಾತಿನ ಗುರಿ. ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದು ಮಹಾಭಾರತ ಹೇಳುತ್ತದೆ. ಅಕ್ಷರ ನಿಜವಾಗಿದ್ದರೂ ರಥ ಇಳಿಯಿತು ಎಂಬುದನ್ನು ಗಮನಿಸಬೇಕು. ನಮ್ಮ ಕಾಲದಲ್ಲೂ ಇದಕ್ಕೆ ನಿದರ್ಶನವಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಮುಂದಿನ ಸುತ್ತಿನಲ್ಲಿ ಅನುಕೂಲವಾದ ಎದುರಾಳಿ ಸಿಗಲೆಂದು ಮಹಿಳೆಯರ ಬ್ಯಾಡ್ಮಿಂಟನ್‌ನ ನಾಲ್ಕು ಜೋಡಿಗಳು ಸೋಲಲು ಹವಣಿಸಿದವು. ಆಡುವವರಂತೆ ನಟಿಸುತ್ತ ಶಟಲ್‌ಕಾಕನ್ನು ಬಲೆಗೆ ಹೊಡೆದರು. ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು. ಎಂಟು ಮಂದಿಯನ್ನೂ ಸ್ಪರ್ಧೆಯಿಂದ ಹೊರಗೆ ಹಾಕಲಾಯಿತು. ಅಲ್ಲಿ ಕೆಟ್ಟುದು ಸೋತುದಕ್ಕಿಂತ ಮಿಗಿಲಾಗಿ ನಟಿಸಿದುದು.

ನಿಯಮದಲ್ಲಿರುವ ಬಿರುಕಿನೊಳಗಿಂದ ಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಂತೆ, ತಾನೇ ಬೆಲೆ ತೆತ್ತು ದಾಟುವುದು ಮೂರನೆಯ ಬಗೆ. ಅಲೊಸೆನ್‌ನ ಎಸೆತ ಈ ವರ್ಗಕ್ಕೆ ಸೇರಿದುದು. 1994ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಕಾಲ್ಚೆಂಡಿನ ಸ್ಪರ್ಧೆಯೊಂದರಲ್ಲಿ ಇದರ ಕನ್ನಡಿಬಿಂಬದಂಥ ಘಟನೆ ನಡೆಯಿತು. ಬಾರ್ಬಡೋಸ್ ತಂಡಕ್ಕೆ ಗ್ರೆನಡಾದ ಮೇಲೆ ಎರಡು ಗೋಲುಗಳ ಅಂತರದ ಗೆಲುವು ಬೇಕಾಗಿತ್ತು. ಹೆಚ್ಚುವರಿ ಆಟದಲ್ಲಿ ಹೊಡೆದ ಗೋಲಿಗೆ ಎರಡರ ಬೆಲೆಯೆಂದು ಏರ್ಪಡಿಸಿದವರು ನಿಯಮ ಮಾಡಿದ್ದರು. ಒಂದೇ ಗೋಲಿನಿಂದ ಮುಂದಿದ್ದ ಬಾರ್ಬಡೋಸ್ ಆಟಗಾರರು ಹೆಚ್ಚುವರಿ ಆಟ ದೊರೆಯಲೆಂದು ತಮ್ಮದೇ ಗೋಲಿಗೆ ಚೆಂಡು ಹೊಡೆದು ಸಮ ಮಾಡಿಕೊಂಡರು, ಮತ್ತೆ ಗೆದ್ದರು. ಒಬ್ಬನು ಹೆಚ್ಚುವರಿ ಆಟವನ್ನು ತಪ್ಪಿಸಲು, ಇನ್ನೊಬ್ಬರು ಅದನ್ನು ಪಡೆಯಲು ಒಂದೇ ಉಪಾಯ ಹೂಡಿದರು. ದೇಶ, ಆಟ, ಕಾಲ ಬೇರೆಯಾದರೂ ಒಂದೇ ಬಗೆಯ ನಡತೆ ಕಂಡುಬಂದರೆ, ಕಾರಣವನ್ನು ಮನುಷ್ಯನ ಗುಣದಲ್ಲಿ ಹುಡುಕುವುದಕ್ಕಿಂತ ಮೊದಲು ನಿಯಮದಲ್ಲಿ ಹುಡುಕುವುದು ನ್ಯಾಯ.

ಇದು ನಮಗೆ ತರಗತಿಯಲ್ಲಿ ತಿಳಿದ ಸಂಗತಿಯೇ. ತಡವಾಗಿ ಬಂದವನು ಒಂದು ಪೀರಿಯಡ್ ಹೊರಗೆ ನಿಲ್ಲಬೇಕೆಂದು ಉಪಾಧ್ಯಾಯನೊಬ್ಬ ನಿಯಮ ಮಾಡುತ್ತಾನೆ. ಐದು ನಿಮಿಷ ತಡವಾದ ಹುಡುಗ ಗೇಟಿನ ತನಕ ಬಂದು, ನಿಲ್ಲುವ ಅವಮಾನಕ್ಕೆ ಅಂಜಿ, ಮನೆಗೆ ಹಿಂದಿರುಗುತ್ತಾನೆ. ಮರುದಿನ ರಜಾಚೀಟಿ ತರುತ್ತಾನೆ. ನಿಯಮ ಒಂದನ್ನೂ ಅವನು ಮುರಿಯಲಿಲ್ಲ. ಮಕ್ಕಳು ಶಾಲೆಯಲ್ಲಿರಬೇಕೆಂಬ ಉದ್ದೇಶ ಮಾತ್ರ ಮುರಿಯಿತು. ಇಲ್ಲಿ ಹುಡುಗನನ್ನು ಕಪಟಿಯೆನ್ನೋಣವೆ, ಉಪಾಧ್ಯಾಯನನ್ನು ಅವಿಚಾರಿಯೆನ್ನೋಣವೆ?

ಇನ್ನೊಂದು ಸಂಗತಿ ಈ ಸ್ಪರ್ಧೆಯ ಇತಿಹಾಸದಲ್ಲಿಯೇ ಇದೆ. ಅದನ್ನು ಪೂರ್ವಪಕ್ಷದವರು ಪರಿಶೀಲಿಸಬೇಕು. 1958ರ ಮೊದಲ ವರ್ಷವೇ ರಿಯಲ್ ಮ್ಯಾಡ್ರಿಡ್ ಉಪಾಂತ್ಯಕ್ಕೆ ಬಂದಿತ್ತು. ಎದುರಾಳಿ ರೀಗಾ ತಂಡ. ಲಾಟ್ವಿಯ ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿತ್ತು. ಸ್ಪೇನಿಗೂ ಸೋವಿಯತ್ ಒಕ್ಕೂಟಕ್ಕೂ ರಾಜತಾಂತ್ರಿಕ ಸಂಬಂಧವಿರಲಿಲ್ಲ. ಫ್ರಾಂಕೊ ಸರಕಾರ ತನ್ನ ಆಟಗಾರರಿಗೆ ಅಲ್ಲಿಗೆ ಹೋಗಲು ಅನುಮತಿ ಕೊಡಲಿಲ್ಲ. ಒಂದು ಚೆಂಡನ್ನೂ ಎಸೆಯದೆ ಮ್ಯಾಡ್ರಿಡ್ ಸೋತಿತು. ರೀಗಾ ಆಡದೆಯೇ ಅಂತಿಮ ಘಟ್ಟಕ್ಕೆ ಹೋಯಿತು. ನಿಯಮದ ಪುಸ್ತಕದಲ್ಲಿ ಇದಕ್ಕೆ ಶಾಂತವಾದ ಒಂದು ಕಲಮು ಇತ್ತು; ಗೆಲುವು ದಾಖಲಾಯಿತು. ಆಟಗಾರರಿಗೆ ಆಡುವ ಆಸೆಯಿತ್ತು, ಪ್ರೇಕ್ಷಕರಿಗೆ ನೋಡುವ ಆಸೆಯಿತ್ತು. ಎರಡನ್ನೂ ಅಧಿಕಾರದ ಒಂದು ಮುದ್ರೆ ಅಳಿಸಿತು. ಆಟದ ಆತ್ಮಕ್ಕೆ ಹೆಚ್ಚಿನ ಗಾಯವಾದುದು ಇದರಿಂದಲೋ, ಅಲೊಸೆನ್‌ನ ಎಸೆತದಿಂದಲೋ? ಕಣ್ಣಿಗೆ ವಿಚಿತ್ರವಾಗಿ ಕಂಡುದನ್ನು ನಾವು ಬೇಗ ಅಧರ್ಮವೆನ್ನುತ್ತೇವೆ. ಕಾಗದದ ಮೇಲೆ ಕ್ರಮವಾಗಿ ನಡೆದುದನ್ನು ಅಷ್ಟು ಬೇಗ ಹಾಗೆನ್ನುವುದಿಲ್ಲ.

ಹಾಗೆಂದು ಮೂರನೆಯ ಬಗೆಯನ್ನು ನಾನು ಧರ್ಮವೆಂದು ಹೊಗಳುತ್ತಿಲ್ಲ. ಅದು ನಿರ್ದೋಷವೆನ್ನಬಹುದು, ಆದರ್ಶವೆನ್ನಲಾಗದು. ಒಬ್ಬನು ಒಮ್ಮೆ ಮಾಡಿದರೆ ಉಪಾಯ. ಎಲ್ಲರೂ ಎಂದೆಂದೂ ಮಾಡಿದರೆ ಆಟವೇ ಉಳಿಯದು. ಎರಡೂ ತಂಡಗಳು ತಮ್ಮ ತಮ್ಮ ಬುಟ್ಟಿಗೆ ಚೆಂಡು ಹಾಕಲು ಓಡುವ ದೃಶ್ಯವನ್ನು ವಾಚಕರು ಕಲ್ಪಿಸಿಕೊಳ್ಳಲಿ! ಆದುದರಿಂದ ಬಿರುಕು ಬಯಲಾದ ಮೇಲೆ ಅದನ್ನು ಮುಚ್ಚುವ ಹೊಣೆ ನಿಯಮ ಮಾಡುವವರದು. ಮುಚ್ಚಿದ ಮೇಲೆ ಮತ್ತೆ ಅದೇ ಕೆಲಸಕ್ಕೆ ಕೈಹಾಕುವವನು ಮೊದಲನೆಯ ವರ್ಗಕ್ಕೆ ಸೇರುತ್ತಾನೆ.

ಅಂತಾರಾಷ್ಟ್ರೀಯ ಸಂಘ ಬಿರುಕನ್ನು ಮುಚ್ಚಿತು. ಇಂದಿನ ನಿಯಮಗಳಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಕಲಮುಗಳಿವೆ. ಆಟಗಾರನು ಬೇಕೆಂದೇ ತನ್ನ ಬುಟ್ಟಿಗೆ ಚೆಂಡು ಹಾಕಿದರೆ ಅದು ನಿಯಮಭಂಗ, ಆ ಅಂಕ ಲೆಕ್ಕಕ್ಕಿಲ್ಲ ಎಂಬುದು ಒಂದು. ಎರಡು ಪಂದ್ಯಗಳ ಅಂಕ ಕೂಡಿಸುವ ಸ್ಪರ್ಧೆಯಲ್ಲಿ ಮೊದಲ ಪಂದ್ಯ ಸಮನಾಗಿ ಮುಗಿದರೆ ಹೆಚ್ಚುವರಿ ಆಟ ಬೇಡ ಎಂಬುದು ಇನ್ನೊಂದು. ಮೊದಲನೆಯದು ‘ಮಾಡಬೇಡ’ ಎನ್ನುತ್ತದೆ. ಎರಡನೆಯದು ಮಾಡುವ ಅಗತ್ಯವನ್ನೇ ತೆಗೆದುಹಾಕುತ್ತದೆ. ಉಪಾಧ್ಯಾಯನಾಗಿ ನನಗೆ ಎರಡನೆಯದರಲ್ಲಿ ಹೆಚ್ಚು ವಿವೇಕ ಕಾಣುತ್ತದೆ. ಬೆತ್ತ ತಪ್ಪನ್ನು ತಡೆದೀತು. ತಪ್ಪಿನ ಕಾರಣವನ್ನು ತಡೆಯುವುದಕ್ಕೆ ಯೋಚನೆ ಬೇಕು.

ಕಥೆಯ ಕೊನೆಯನ್ನು ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಅದೇ 1962ರಲ್ಲಿ ರಿಯಲ್ ಮ್ಯಾಡ್ರಿಡ್ ಅಂತಿಮ ಪಂದ್ಯಕ್ಕೆ ಬಂತು. ಎದುರಾಳಿ ಸೋವಿಯತ್ ಒಕ್ಕೂಟದ ಡೈನಮೊ ಟಿಬಿಲಿಸಿ. ಹಳೆಯ ರಾಜಕೀಯ ಕಾರಣದಿಂದಲೇ ಒಬ್ಬರು ಇನ್ನೊಬ್ಬರ ಊರಿಗೆ ಹೋಗುವಂತಿರಲಿಲ್ಲವಾಗಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಒಂದೇ ಪಂದ್ಯವನ್ನಾಡಿಸಿದರು. ಟಿಬಿಲಿಸಿ 90–83ರಿಂದ ಗೆದ್ದಿತು. “ಮಾಡಿದ್ದುಣ್ಣೋ ಮಾರಾಯ!” ಎಂದು ಮೊದಲ ಹುಡುಗನ ಪಕ್ಷದವರು ಸಂಭ್ರಮಿಸಿದರು. ಆದರೆ ಇತಿಹಾಸ ನಮ್ಮ ನೀತಿಪಾಠಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅದೇ ಫೆರಾಂದಿಸ್ ಅವರ ತರಬೇತಿಯಲ್ಲಿ ಮ್ಯಾಡ್ರಿಡ್ 1965, 1967, 1968 ಮತ್ತು 1974ರಲ್ಲಿ ಇದೇ ಕಪ್ಪನ್ನು ಗೆದ್ದಿತು. 1974ರ ಅಂತಿಮ ಪಂದ್ಯದಲ್ಲಿ ಸೋತವರು ಯಾರು? ಅದೇ ಇಗ್ನಿಸ್ ವರೇಸೆ. 84–82, ಎರಡೇ ಅಂಕಗಳಿಂದ. ವರೇಸೆಯೂ ಕೆಟ್ಟು ಹೋಗಲಿಲ್ಲ: 1970ರಿಂದ 1979ರವರೆಗೆ ಹತ್ತು ವರ್ಷ ಸತತವಾಗಿ ಅಂತಿಮ ಘಟ್ಟದಲ್ಲಿ ಆಡಿ ಐದು ಸಲ ಕಪ್ಪು ಪಡೆಯಿತು. ಫಲವನ್ನು ನೋಡಿ ಧರ್ಮಾಧರ್ಮಗಳನ್ನು ಅಳೆಯಲಾಗದು. ಅವನು ಗೆದ್ದುದರಿಂದ ಸರಿ, ಇವನು ಸೋತುದರಿಂದ ತಪ್ಪು ಎಂದು ಮಕ್ಕಳಿಗೆ ಕಲಿಸಿದರೆ, ಗೆದ್ದ ಕಪಟಿಯ ಮುಂದೆ ನಾಳೆ ಅವರು ಕೈಮುಗಿದು ನಿಲ್ಲುತ್ತಾರೆ.

ಹಾಗಾದರೆ ಅಳತೆಗೋಲು ಯಾವುದು? ನಾನು ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಬರೆಸಿದೆ. ನೀನು ಮಾಡಿದುದನ್ನು ಎಲ್ಲರೆದುರು ಮಾಡಬಲ್ಲೆಯಾ? ನಿಯಮ ಯಾವುದಕ್ಕಾಗಿ ಹುಟ್ಟಿತೋ ಅದನ್ನು ನೀನು ಕೆಡಿಸಿದೆಯೋ, ಇಲ್ಲವೋ? ಅದರ ಬೆಲೆಯನ್ನು ತೆತ್ತವರು ಯಾರು? ಮ್ಯಾಡ್ರಿಡ್ ತಂಡ ಮೊದಲನೆಯ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಟ್ಟೀತು. ಆ ಯೋಚನೆ ತನ್ನದೆಂಬುದನ್ನು ಫೆರಾಂದಿಸ್ ಮರೆಮಾಚಲೂ ಇಲ್ಲ, ಆಟಗಾರನ ಮೇಲೆ ಹೊರಿಸಲೂ ಇಲ್ಲ. ಎರಡನೆಯದಕ್ಕೆ ಉತ್ತರ ತುಸು ತಡವರಿಸೀತು. ಮೂರನೆಯದಕ್ಕೆ ಮತ್ತೆ ಸ್ಪಷ್ಟ: ಬೆಲೆ ತೆತ್ತವರು ತಾವೇ.

ಈ ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದಂತೆ ನನ್ನ ಕೈ ನಿಂತಿತು. ಕಾರಣವನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದೆ. ತನಿಖೆಗೆ ಅಧಿಕಾರಿಗಳು ಬರುವ ದಿನ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಅಧಿಕಾರಿಗಳ ಜೀಪು ಬಂದುದನ್ನು ಕಂಡು ನಾನು ಅವನ ಕೈಗೆ ಬಕೇಟು ಕೊಟ್ಟು, ಶಾಲೆಯ ತರಕಾರಿ ತೋಟದಲ್ಲಿ ಬಸಳೆಯ ಬುಡಕ್ಕೆ ನೀರು ಹಾಕಲು ಕಳುಹಿಸಿದೆ. ತೋಟದ ಕೆಲಸ ಶಾಲೆಯ ಕಾರ್ಯಕ್ರಮದಲ್ಲಿ ಸೇರಿದುದೇ. ನಾನು ಮುರಿದ ನಿಯಮ ಯಾವುದೂ ಇಲ್ಲ. ಉಳಿದ ಮಕ್ಕಳು ಚೆನ್ನಾಗಿ ಓದಿದರು. ಅಧಿಕಾರಿಗಳು ಸಂತೋಷದ ಷರಾ ಬರೆದು ಹೋದರು. ನನಗೂ ಸಂತೋಷವಾಯಿತು.

ಮರುವರ್ಷ ಮತ್ತೆ ತನಿಖೆ. ಜೀಪಿನ ಸದ್ದು ಕೇಳಿತು. ನಾನು ಏನನ್ನೂ ಹೇಳಿರಲಿಲ್ಲ. ಆ ಹುಡುಗ ತಾನಾಗಿ ಎದ್ದು, ಮೂಲೆಯಲ್ಲಿದ್ದ ಬಕೇಟನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ತೋಟದ ಕಡೆಗೆ ನಡೆದ.

ಅಲೊಸೆನ್‌ಗೆ ತನ್ನ ಬುಟ್ಟಿಗೆ ಚೆಂಡು ಹಾಕುವಾಗ ಅದೇಕೆಂದು ತಿಳಿದಿತ್ತು. ಅವನು ತಂಡದವನಾಗಿಯೇ ಉಳಿದ. ನನ್ನ ಹುಡುಗನಿಗೂ ಏಕೆಂದು ತಿಳಿದಿತ್ತು. ಅವನು ತಾನು ತರಗತಿಯವನಲ್ಲವೆಂದು ತಿಳಿದುಕೊಂಡಿದ್ದ. ಬಕೇಟು ಅವನ ಕೈಯಲ್ಲಿ, ಉಪಾಯ ನನ್ನದು, ಷರಾ ನನಗೆ, ಬೆಲೆ ಅವನಿಂದ. ನನ್ನ ಕೆಲಸ ಮೂರನೆಯ ಬಗೆಯದಲ್ಲ. ಧರ್ಮರಾಜನ ಮೆಲುದನಿಯ ವರ್ಗಕ್ಕೆ ಸೇರಿದುದು. ನಾನು ಓಡಿ ಹೋಗಿ ಅವನನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಧಿಕಾರಿಗಳು ಅವನಿಗೆ ಪುಸ್ತಕ ಕೊಟ್ಟರು. ಅವನು ಓದಲಿಲ್ಲ, ಪುಸ್ತಕ ಹಿಡಿದು ಸುಮ್ಮನೆ ನಿಂತ. ಓದಿನ ಮಟ್ಟ ಸಾಲದೆಂದು ಅಂದಿನ ಷರಾ. ಅದು ನನಗೆ ಸಲ್ಲಬೇಕಾದ ಷರಾವೇ ಆಗಿತ್ತು. ಒಂದು ವರ್ಷ ತಡವಾಗಿ ಬಂತು. ಮಧ್ಯಾಹ್ನದ ಊಟವಾದ ಮೇಲೆ ದಿನಕ್ಕೆ ಅರ್ಧ ಗಂಟೆ ಅವನನ್ನು ಕೂರಿಸಿಕೊಂಡು ಓದಿಸತೊಡಗಿದ್ದು ಆ ದಿನದಿಂದ. ನನ್ನ ಬಳಿ ಬಾಯಿ ಬಿಡುವುದಕ್ಕೆ ಅವನು ಬಹಳ ದಿನ ತೆಗೆದುಕೊಂಡ.

ಈ ಮಾತನ್ನು ಏಳನೆಯ ತರಗತಿಯ ಮಕ್ಕಳಿಗೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಸವಾಲು ಹಾಕಿದ್ದ ಹುಡುಗಿಯೇ ಎದ್ದು, ಮೊದಲಿನ ಪ್ರಶ್ನೆಗೆ ಉತ್ತರ ಕೊಟ್ಟಳು: “ಅಲೊಸೆನ್ ಆಡಿದ್ದು ಕಳ್ಳಾಟ ಅಲ್ಲ ಮಾಷ್ಟ್ರೆ. ಆದರೆ ಇನ್ನೊಮ್ಮೆ ಆಡಬಾರದ ಆಟ.” ಮೊದಲ ಹುಡುಗನೂ ತಲೆಯಾಡಿಸಿದ. ಇದಕ್ಕಿಂತ ಉತ್ತಮವಾದ ತೀರ್ಪನ್ನು ನಾನು ಕೊಡಲಾರೆ. ನನ್ನ ಬಕೇಟಿನ ವಿಷಯದಲ್ಲಿ ಅವಳು ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಪಾಧ್ಯಾಯ ಮಿತ್ರರು ಈ ಕಥೆಯನ್ನು ತಮ್ಮ ತರಗತಿಗಳಲ್ಲಿ ಹೇಳಿ, ಉತ್ತರವನ್ನು ತಾವು ಹೇಳದೆ ಮಕ್ಕಳಿಂದಲೇ ಕೇಳಿ ನೋಡಬೇಕೆಂದು ನನ್ನ ಪ್ರಾರ್ಥನೆ. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಯಾವ ನಿಯಮ ಮುರಿದೆ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಹಾಗೆ ಕೇಳುವ ಮೊದಲು, ಬೆಲೆ ತೆತ್ತವರು ಯಾರೆಂದು ಒಮ್ಮೆ ಸುತ್ತ ನೋಡಿರಿ.